ಪದಚರ್ಚೆ (ತುರ್ತು): ಎಂಡೊಮೆಟ್ರಿಯೋಸಿಸ್ ನೋವಿನ ‘ಆನಿಮಲ್ ಮಾಡೆಲ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರುವ ಮಹಿಳೆಯರಿಗಾಗಿ ಸಿದ್ಧವಾಗುತ್ತಿರುವ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಅದು ಅಚ್ಚಿಗೆ ಹೋಗಬೇಕು. ಸಂಶೋಧನೆಯ ಪುಟದಲ್ಲಿ ಈ ಕಾಯಿಲೆಯ ನೋವನ್ನು ‘ಆನಿಮಲ್ ಮಾಡೆಲ್’ಗಳಲ್ಲಿ, ಅಂದರೆ ಮನುಷ್ಯರ ಕಾಯಿಲೆಯನ್ನು ಅರಿಯಲು ಬಳಸುವ ಪ್ರಾಣಿಗಳಲ್ಲಿ, ಅಧ್ಯಯನ ಮಾಡುವ ಮಾತು ಬರುತ್ತದೆ. ‘ಪ್ರಾಣಿ ಮಾದರಿ’ ಎಂದು ಬರೆದಿದ್ದೆ. ಕರಡನ್ನು ಓದಿದ ನರ್ಸ್ ಒಬ್ಬರು ‘ಪ್ರಾಣಿಗಳ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆಯೇ?’ ಎಂದು ಕೇಳಿದರು. ‘ರಕ್ತದ ಮಾದರಿ’, ‘ಮೂತ್ರದ ಮಾದರಿ’ ಎಂದು ದಿನವೂ ಬರೆಯುವವರಿಗೆ ಹಾಗೆ ಕೇಳಿಸುವುದು ಸಹಜವೇ. ಇನ್ನೊಂದು ತೊಡಕೂ ಇದೆ. ಮೂಲದಲ್ಲಿ ‘ಪೇನ್’ (ಅನುಭವಿಸುವ ನೋವು) ಮತ್ತು ‘ನೋಸಿಸೆಪ್ಶನ್’ (ಹಾನಿಯ ಸುಳಿವನ್ನು ನರಗಳು ಒಯ್ಯುವುದು) ಬೇರೆಬೇರೆಯಾಗಿವೆ, ನನ್ನಲ್ಲಿರುವುದು ‘ನೋವು’ ಒಂದೇ. ದಯವಿಟ್ಟು ಬೇಗ ತಿಳಿಸಿ.

— ಅನುವಾದಕಿ, ಬೆಂಗಳೂರು

*

‘ಎಂಡೊಮೆಟ್ರಿಯೋಸಿಸ್’ ಎಂಬ ಗ್ರೀಕರ ಹೊರೆಯನ್ನು ಕನ್ನಡದ ಹೆಣ್ಣುಮಕ್ಕಳ ತಲೆಯ ಮೇಲೆ ಹೊರಿಸುವುದನ್ನು ಮೊದಲು ನಿಲ್ಲಿಸಬೇಕು. ‘ಬಸಿರುಚೀಲದ ಒಳಪೊರೆಯ ಹೊರಬೆಳೆತ’ ಎಂದರೆ ಸಾಕು, ಏನಾಗಿದೆ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಮೈಯಲ್ಲಿ ಆಗುವುದಕ್ಕೆ ‘ಬೇನೆ’, ಮನಸ್ಸಿಗೆ ಆಗುವುದಕ್ಕೆ ‘ನೋವು’ ಎಂದು ಬಳಸಿ. ‘ಬೇನೆ’ ನಮ್ಮ ಅಚ್ಚಗನ್ನಡದ ಪದ, ಸಂಸ್ಕೃತದ ಹಂಗು ಅದಕ್ಕಿಲ್ಲ. ‘ಮಾಡೆಲ್’ಗೆ ‘ಹೋಲಿಕೆಯ ಇಲಿ’ ಎಂದು ಬರೆದರೆ ಯಾರಿಗೂ ತೊಡಕಾಗದು.

— ನಿವೃತ್ತ ಅಧ್ಯಾಪಕ, ಧಾರವಾಡ

*

‘ಬೇನೆ’ ಸಂಸ್ಕೃತದ ‘ವೇದನೆ’ಯ ತದ್ಭವ. ಅಚ್ಚಗನ್ನಡ ಬೇಕೆಂದರೆ ಮೇಷ್ಟ್ರು ತಳ್ಳಿಹಾಕಿದ ‘ನೋವು’ ಇದೆ; ತಮಿಳಿನ ‘ನೋವು’, ತೆಲುಗಿನ ‘ನೊಪ್ಪಿ’ ಅದರ ಬಂಧುಗಳು. ಅದೂ ಅಲ್ಲದೆ ‘ಬೇನೆ’ ಎಂದೊಡನೆ ಓದುಗರಿಗೆ ನೆನಪಾಗುವುದು ಹೆರಿಗೆ ಬೇನೆ. ಮಕ್ಕಳಾಗದ ಚಿಂತೆಯಲ್ಲಿರುವವರೂ ಓದುವ ಹೊತ್ತಗೆಯಲ್ಲಿ ಅದು ಬೇಡ.

ಇನ್ನು ಕೇಳಿದ ವಿಷಯ. ‘ಹೋಲಿಕೆಯ ಇಲಿ’ ಎಂದರೆ ಇಲಿಯೇ ಏನನ್ನೋ ಹೋಲುತ್ತದೆ ಎಂದಾಗುತ್ತದೆ. ಇಲ್ಲಿ ಹೋಲುವುದು ಇಲಿಯಲ್ಲ, ಇಲಿಯೊಳಗೆ ಮಾಡಿಟ್ಟ ಸ್ಥಿತಿ. ಪ್ರಯೋಗಾಲಯದ ಸಾಮಾನ್ಯ ಇಲಿಗಳಿಗೆ ಮುಟ್ಟಾಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಅವುಗಳ ಋತುಚಕ್ರ ತಿರುಗುತ್ತದೆ, ಗರ್ಭಕೋಶದ ಒಳಪದರ ಕಳಚಿ ರಕ್ತವಾಗಿ ಹೊರಬರುವುದಿಲ್ಲ. ಮನುಷ್ಯರು, ಚಿಂಪಾಂಜಿಯಂಥ ಬಾಲವಿಲ್ಲದ ವಾನರಗಳು, ಆಫ್ರಿಕಾ ಮತ್ತು ಏಷ್ಯಾದ ಮಂಗಗಳು, ಕೆಲವು ಬಾವಲಿಗಳು, ಎಲಿಫೆಂಟ್ ಶ್ರೂ ಎಂಬ ಪುಟ್ಟ ಪ್ರಾಣಿ, ಈಚೆಗೆ ಗೊತ್ತಾದ ಸ್ಪೈನಿ ಮೌಸ್ ಎಂಬ ಮುಳ್ಳುಗೂದಲಿನ ಇಲಿ: ಮುಟ್ಟಾಗುವ ಪ್ರಾಣಿಗಳ ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ಮುಟ್ಟಿನ ರಕ್ತ ಅಂಡನಾಳಗಳಲ್ಲಿ ಹಿಮ್ಮುಖವಾಗಿ ಹರಿದು, ಅದರೊಡನೆ ಹೋದ ಒಳಪದರದ ಚೂರುಗಳು ಹೊಟ್ಟೆಯೊಳಗೆ ಬೇರೂರುತ್ತವೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ಮುಂದಿಟ್ಟ ವಿವರಣೆಯನ್ನು ಒಪ್ಪುವುದಾದರೆ, ಮುಟ್ಟೇ ಇಲ್ಲದ ಇಲಿಯಲ್ಲಿ ಈ ಕಾಯಿಲೆ ತಾನಾಗಿ ಬರುವ ದಾರಿಯೇ ಇಲ್ಲ.

ಆದ್ದರಿಂದ ಅದನ್ನು ಕೈಯಾರೆ ಉಂಟುಮಾಡುತ್ತಾರೆ. ದೊಡ್ಡ ಇಲಿಯಲ್ಲಾದರೆ (ರ‍್ಯಾಟ್) ಅದರದೇ ಗರ್ಭಕೋಶದ ಒಂದು ತುಂಡನ್ನು ಕತ್ತರಿಸಿ, ಕರುಳಿಗೆ ರಕ್ತ ಒಯ್ಯುವ ನಾಳಗಳ ಬಳಿ ಹೊಲಿದುಬಿಡುತ್ತಾರೆ, ಅದು ನೀರುಗುಳ್ಳೆಯಾಗಿ ಬೆಳೆಯುತ್ತದೆ. ಚಿಕ್ಕ ಇಲಿಯಲ್ಲಾದರೆ (ಮೌಸ್) ಬೇರೊಂದು ಇಲಿಯ ಗರ್ಭಕೋಶದ ಅಂಗಾಂಶವನ್ನು ಸಣ್ಣಗೆ ಕೊಚ್ಚಿ ಹೊಟ್ಟೆಯೊಳಗೆ ಚುಚ್ಚುತ್ತಾರೆ. ಕೆಲವರು ದಾನಿ ಇಲಿಗೆ ಮೊದಲೇ ಹಾರ್ಮೋನು ಕೊಟ್ಟು, ಬಳಿಕ ಅದನ್ನು ನಿಲ್ಲಿಸಿ, ಮುಟ್ಟನ್ನು ಹೋಲುವ ಸ್ಥಿತಿ ತಂದು ಆ ಅಂಗಾಂಶವನ್ನು ಬಳಸುತ್ತಾರೆ. ಇಷ್ಟನ್ನೂ ‘ಮಾಡೆಲ್’ ಎಂಬ ಒಂದು ಪದ ಹೊತ್ತುಕೊಂಡಿದೆ. ‘ಇಲಿಗಳಲ್ಲಿ ಎಂಡೊಮೆಟ್ರಿಯೋಸಿಸ್ ಕಂಡುಬಂದಿದೆ’ ಎಂದು ಬರೆದರೆ ಅದು ಸುಳ್ಳು. ‘ಎಂಡೊಮೆಟ್ರಿಯೋಸಿಸ್ ಅನ್ನು ಹೋಲುವ ಸ್ಥಿತಿಯನ್ನು ಇಲಿಗಳಲ್ಲಿ ಉಂಟುಮಾಡಿ’ ಎಂದು ಒಮ್ಮೆ ಬರೆದು, ಮುಂದೆ ‘ಪ್ರಾಣಿಗಳಲ್ಲಿನ ರೋಗಪ್ರತಿರೂಪ’ ಎನ್ನಿ. ಮೂಲದಲ್ಲಿ ಬಬೂನ್ ಅಥವಾ ರೀಸಸ್ ಮಂಗದ ಮಾತಿದ್ದರೆ ಮಾತ್ರ ಎಚ್ಚರವಿರಲಿ: ಅವುಗಳಿಗೆ ಮುಟ್ಟೂ ಇದೆ, ಈ ಕಾಯಿಲೆ ತಾನಾಗಿಯೂ ಬರುತ್ತದೆ, ಅಲ್ಲಿ ‘ಉಂಟುಮಾಡಿ’ ಎಂಬುದು ಎಲ್ಲ ಸಲವೂ ಸಲ್ಲದು.

ನೋವಿನ ಪದ ಇದಕ್ಕಿಂತ ಸೂಕ್ಷ್ಮ. ಇಲಿಯನ್ನು ತಂತಿಬಲೆಯ ಮೇಲೆ ನಿಲ್ಲಿಸಿ, ಎಷ್ಟು ಒತ್ತಿದರೆ ಬಾಗುತ್ತದೆಂದು ಮೊದಲೇ ಗೊತ್ತಿರುವ ನೈಲಾನ್ ಎಳೆಯೊಂದನ್ನು ಅದರ ಹೊಟ್ಟೆಗೋ ಹಿಂಗಾಲಿಗೋ ಕೆಳಗಿನಿಂದ ತಾಗಿಸುತ್ತಾರೆ. ಜರ್ಮನಿಯ ಶರೀರಶಾಸ್ತ್ರಜ್ಞ ಫಾನ್ ಫ್ರೈ ಅವರ ಹೆಸರು ಈ ಎಳೆಗಳಿಗಿದೆ. ಆರೋಗ್ಯವಾಗಿರುವ ಇಲಿ ಲೆಕ್ಕಿಸದಷ್ಟು ನವಿರಾದ ಎಳೆಗೇ ಈ ಇಲಿ ಮೈ ಹಿಂದೆಗೆದುಕೊಂಡರೆ, ಸಂವೇದನೆ ಚುರುಕಾಗಿದೆ ಎಂದು ಬರೆದುಕೊಳ್ಳುತ್ತಾರೆ. ಅಳೆದದ್ದು ಹಿಂದೆಗೆತವನ್ನೇ ಹೊರತು ನೋವನ್ನಲ್ಲ. ಮಹಿಳೆಯರು ಹೇಳುವ ನೋವಾದರೋ ಯಾರೂ ಮುಟ್ಟದಿದ್ದರೂ ಇರುವಂಥದ್ದು; ಮುಟ್ಟಿನಲ್ಲಿ, ಸಂಭೋಗದಲ್ಲಿ, ಮಲವಿಸರ್ಜನೆಯಲ್ಲಿ ಹೆಚ್ಚುವಂಥದ್ದು. ಒಳಗೆ ಬೇರೂರಿ ಹರಡಿದ ಅಂಗಾಂಶದ ಪ್ರಮಾಣಕ್ಕೂ ನೋವಿನ ತೀವ್ರತೆಗೂ ತಾಳೆಯಾಗದಿರುವುದು ಈ ಕಾಯಿಲೆಯ ದೊಡ್ಡ ಒಗಟು. ಹಾಗಾಗಿಯೇ ಕೆಲವರು ಎಳೆಯನ್ನಷ್ಟೇ ನಂಬದೆ, ಇಲಿ ತನ್ನ ಹೊಟ್ಟೆಯನ್ನು ಎಷ್ಟು ಸಲ ನೆಕ್ಕಿಕೊಳ್ಳುತ್ತದೆ, ಬಿಲ ತೋಡುವುದನ್ನು ಕಡಿಮೆ ಮಾಡಿದೆಯೇ, ಕಣ್ಣು ಕಿರಿದಾಗಿ ಮುಖ ಬಿಗಿದಿದೆಯೇ ಎಂದು ನೋಡುತ್ತಾರೆ. ಇವಕ್ಕೆಲ್ಲ ‘ನೋವನ್ನು ಸೂಚಿಸುವ ವರ್ತನೆ’ ಎಂಬುದೇ ಸರಿ. ‘ನೋಸಿಸೆಪ್ಶನ್’ಗೆ ‘ಅಪಾಯದ ನರಸಂಕೇತ’ ಎನ್ನಬಹುದು.

ಆದರೆ ಅದನ್ನೇ ನೆಪ ಮಾಡಿಕೊಂಡು ಇಲಿಗೆ ನೋವೇ ಇಲ್ಲವೆಂಬಂತೆ ಬರೆಯಬೇಡಿ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಟಿಪ್ಪಣಿಯಲ್ಲಿ, ಹೇಳಿಕೊಳ್ಳಲಾಗದ ಮಾತ್ರಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿನ ಅನುಭವವಿಲ್ಲ ಎನ್ನಲಾಗದು ಎಂದು ಸ್ಪಷ್ಟವಾಗಿದೆ. ‘ನಿನ್ನದು ಬರೀ ಮುಟ್ಟಿನ ಹೊಟ್ಟೆನೋವು’ ಎಂದು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು.

— ವಿಜ್ಞಾನ ಅನುವಾದಕ, ಮೈಸೂರು

*

‘ಪ್ರತಿರೂಪ’, ‘ಸಂವೇದನೆ’, ‘ಅಂಗಾಂಶ’: ಮೂರೂ ಸಂಸ್ಕೃತ. ಒಂದು ಹೊರೆ ಇಳಿಸಿ ಇನ್ನೊಂದನ್ನು ಹೊರಿಸಿದಂತಾಯಿತು. ನನ್ನ ‘ಹೊರಬೆಳೆತ’ಕ್ಕೆ ಉತ್ತರವೇ ಬರಲಿಲ್ಲ.

— ಧಾರವಾಡ

*

ಉತ್ತರ ನಾನು ಕೊಡುತ್ತೇನೆ. ಹೊರರೋಗಿ ವಿಭಾಗಕ್ಕೆ ಬರುವ ಹೆಣ್ಣುಮಕ್ಕಳು ‘ಚಾಕೊಲೇಟ್ ಸಿಸ್ಟ್ ಇದೆಯಂತೆ ಡಾಕ್ಟ್ರೇ’ ಎಂದು ಸ್ಕ್ಯಾನ್ ವರದಿಯನ್ನು ಮುಂದಿಡುತ್ತಾರೆ. ಈ ಕಾಯಿಲೆಯಿಂದ ಅಂಡಾಶಯದಲ್ಲಿ ಆಗುವ, ಹಳೆಯ ರಕ್ತ ತುಂಬಿದ ಗುಳ್ಳೆಗೆ ಆ ಹೆಸರು. ವರದಿಯಲ್ಲಿರುವುದು ಅಂಥ ಪದಗಳೇ. ಮೊಬೈಲಿನಲ್ಲಿ ಹುಡುಕುವುದೂ ಅವುಗಳಿಂದಲೇ. ‘ಹೊರಬೆಳೆತ’ ಎಂದರೆ ಅವರಿಗೆ ಗಡ್ಡೆ, ಗಡ್ಡೆ ಎಂದರೆ ಕ್ಯಾನ್ಸರ್. ನಮ್ಮ ಭಾಷಾನಿಷ್ಠೆಗಾಗಿ ಒಬ್ಬಾಕೆ ನಿದ್ದೆಗೆಡುವುದು ನನಗೆ ಒಪ್ಪಿತವಲ್ಲ. ಕಾಯಿಲೆಯ ಹೆಸರು ಇದ್ದಂತೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ.

— ಸ್ತ್ರೀರೋಗ ತಜ್ಞೆ, ಹಾಸನ

*

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಹೋಗುವ ವಾಕ್ಯ ಹೀಗಿದೆ: ‘ಎಂಡೊಮೆಟ್ರಿಯೋಸಿಸ್ ಅನ್ನು ಹೋಲುವ ಸ್ಥಿತಿಯನ್ನು ಇಲಿಗಳಲ್ಲಿ ಉಂಟುಮಾಡಿ, ಅವು ತೋರುವ ನೋವಿನ ವರ್ತನೆಯನ್ನು ಗಮನಿಸಿ, ಹೊಸ ಔಷಧಗಳನ್ನು ಮೊದಲು ಅವುಗಳ ಮೇಲೆ ಪರೀಕ್ಷಿಸುತ್ತಾರೆ. ಈ ಇಲಿಗಳಿಗೆ ಮುಟ್ಟಾಗುವುದಿಲ್ಲವಾದ್ದರಿಂದ, ಅವುಗಳಲ್ಲಿ ಫಲ ಕೊಟ್ಟ ಔಷಧ ಮಹಿಳೆಯರಲ್ಲೂ ಫಲ ಕೊಡುತ್ತದೆ ಎನ್ನಲಾಗದು.’ ‘ಪ್ರತಿರೂಪ’ವನ್ನು ಬಿಟ್ಟಿದ್ದೇನೆ, ವಾಕ್ಯಕ್ಕೆ ಅದು ಬೇಕಾಗಲಿಲ್ಲ. ‘ಮೌಸ್’, ‘ರ‍್ಯಾಟ್’ ಎರಡಕ್ಕೂ ‘ಇಲಿ’ ಎಂದೇ ಇಟ್ಟಿದ್ದೇನೆ.

— ಬೆಂಗಳೂರು

*

ಸರಿಯಾಗಿದೆ. ‘ರ‍್ಯಾಟ್’ ಅನ್ನು ಯಾರಾದರೂ ‘ಹೆಗ್ಗಣ’ ಎಂದು ತಿದ್ದಲು ಬಂದರೆ ಬಿಡಬೇಡಿ, ಅದು ಬೇರೆಯೇ ಪ್ರಾಣಿ.

— ಮೈಸೂರು