91ನೆಯ ಕೀರ್ತನೆಯನ್ನು ದಿನವೂ ಓದುತ್ತಿದ್ದರೂ ಭಯ ಬಿಡುತ್ತಿಲ್ಲ: ದೇವರ ಕಾಪಾಡುವಿಕೆ ಎಂದರೇನು?

ಪ್ರಶ್ನೆ: ಬೆಟಗೇರಿಯ ಸಹೋದರಿ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ 91ನೆಯ ಕೀರ್ತನೆಯನ್ನು ಓದುವುದು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ರೂಢಿ. ಕಳೆದ ವರ್ಷ ನನ್ನ ತಮ್ಮ ಕಾಯಿಲೆಯಿಂದ ತೀರಿಕೊಂಡ ನಂತರ, ‘ಯಾವ ಕೇಡೂ ನಿನಗೆ ಸಂಭವಿಸದು’ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಗುತ್ತದೆ. ಉಳಿದದ್ದನ್ನು ಅಮ್ಮ ಓದಿ ಮುಗಿಸುತ್ತಾರೆ. ನಡುರಾತ್ರಿ ಎಚ್ಚರವಾದರೆ ದೇವರು ನಮ್ಮನ್ನು ಕೈಬಿಟ್ಟಿದ್ದಾನೆ ಎಂಬ ಯೋಚನೆಯೇ ಮೊದಲು ಬರುತ್ತದೆ, ಮತ್ತೆ ನಿದ್ರೆ ಹತ್ತುವುದಿಲ್ಲ. ಪ್ರಾರ್ಥನಾಕೂಟಕ್ಕೆ ಬರುವ ಒಬ್ಬರು, ನಿಮ್ಮ ಮನೆಯಲ್ಲಿ ಅರಿಕೆಮಾಡದ ಪಾಪವೇನೋ ಇದೆ, ಆದ್ದರಿಂದಲೇ ಸೈತಾನನಿಗೆ ಅವಕಾಶ ಸಿಕ್ಕಿದೆ ಎಂದು ಹೇಳಿದರು. ಆ ದಿನದಿಂದ ಅಮ್ಮ ಕೂಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಇದು ಆತ್ಮಿಕ ಹೋರಾಟವೇ ಆಗಿದ್ದರೆ, ದೇವರ ಕಾಪಾಡುವಿಕೆಯೂ ಬಲವೂ ನಮಗೆ ಯಾವ ರೀತಿಯಲ್ಲಿ ದೊರೆಯುತ್ತವೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಸಭಾಪಾಲಕ, ಧಾರವಾಡ

ಪ್ರಿಯ ತಂಗಿ, ಮೊದಲು ಆ ಆರೋಪದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿರಿ. ಹುಟ್ಟುಕುರುಡನನ್ನು ಕಂಡಾಗ, ಯಾರ ಪಾಪದಿಂದ ಇವನಿಗೆ ಹೀಗಾಯಿತೆಂದು ಯೇಸುವಿನ ಶಿಷ್ಯರು ಕೇಳಿದರು. ಅವನೂ ಕಾರಣನಲ್ಲ, ಅವನ ತಂದೆತಾಯಿಗಳೂ ಅಲ್ಲ ಎಂದು ಕರ್ತನು ಸ್ಪಷ್ಟವಾಗಿ ಹೇಳಿದನು. ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರು ಸಹ ಏಳು ದಿನ ಅವನ ಜೊತೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಷ್ಟು ಕಾಲ ಒಳ್ಳೆಯದನ್ನೇ ಮಾಡಿದರು. ಬಾಯಿಬಿಟ್ಟು ಪಾಪವನ್ನು ಹುಡುಕಲು ಹೊರಟ ಮೇಲೆ ಅವರು ಹೇಳಿದ್ದು ಸರಿಯಲ್ಲವೆಂದು ದೇವರೇ ತೀರ್ಪು ಕೊಟ್ಟನು.

ಇನ್ನು ಕೀರ್ತನೆಯ ವಿಷಯ. ನಿಮ್ಮ ದನಿ ನಿಲ್ಲುವುದು ಹತ್ತನೆಯ ವಚನದಲ್ಲಿ. ಹದಿನೈದನೆಯ ವಚನದಲ್ಲಿ ಅದೇ ದೇವರು, ತನ್ನನ್ನು ನಂಬಿದವನ ಇಕ್ಕಟ್ಟಿನಲ್ಲಿ ತಾನು ಹತ್ತಿರವಿರುವೆನೆಂದು ಹೇಳುತ್ತಾನೆ. ಇಕ್ಕಟ್ಟು ಬರುವುದೇ ಇಲ್ಲವೆನ್ನುವುದಾದರೆ ಈ ಮಾತಿಗೆ ಅರ್ಥವಿರುತ್ತಿರಲಿಲ್ಲ. ಸುವಾರ್ತೆಗಳಲ್ಲಿ ಈ ಕೀರ್ತನೆಯನ್ನು ಎತ್ತಿ ಹೇಳಿದವನು ಸೈತಾನನು ಎಂಬುದನ್ನೂ ಗಮನಿಸಿರಿ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಕ್ಕೆ ಧುಮುಕಿದರೂ ದೂತರು ಎತ್ತಿ ಹಿಡಿಯುವರೆಂದು ಹನ್ನೊಂದು ಮತ್ತು ಹನ್ನೆರಡನೆಯ ವಚನಗಳನ್ನು ಅವನು ಉಚ್ಚರಿಸಿದನು. ಪೆಟ್ಟಾಗದಿದ್ದರೆ ಮಾತ್ರ ದೇವರು ಜೊತೆಗಿದ್ದಾನೆ, ಪೆಟ್ಟಾದರೆ ಇಲ್ಲ ಎಂಬ ಅಳತೆಗೋಲು ಅವನು ಕೊಟ್ಟದ್ದು. ಕರ್ತನು ಆ ಅಳತೆಗೋಲನ್ನು ಒಪ್ಪಲಿಲ್ಲ. ಮುಂದೆ ಶಿಲುಬೆಯ ಮರಣಕ್ಕೆ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಸಂಕಟವೆಂಬ ಪಾತ್ರೆಯು ತನ್ನನ್ನು ಬಿಟ್ಟುಹೋಗಲಿ ಎಂದು ಬೇಡಿಕೊಂಡಾಗ ಅದು ಹೋಗಲಿಲ್ಲ, ಆದರೆ ಬಲಪಡಿಸಲು ಒಬ್ಬ ದೂತನು ಬಂದನೆಂದು ಲೂಕನು ಬರೆಯುತ್ತಾನೆ. ನನಗೆ ತಿಳಿದಮಟ್ಟಿಗೆ ದೇವರ ಕಾಪಾಡುವಿಕೆಯ ನಿಜರೂಪ ಅಲ್ಲಿಯೇ ಕಾಣುತ್ತದೆ. ಅಪೊಸ್ತಲನಾದ ಪೌಲನ ಶರೀರದಲ್ಲಿ ನಾಟಿದ್ದ ಶೂಲವೂ ಅವನು ಮೂರು ಸಾರಿ ಬೇಡಿಕೊಂಡರೂ ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಮಾತ್ರ ಬಂದಿತು.

ಆತ್ಮಿಕ ಹೋರಾಟವೆಂದರೆ ಎಲ್ಲರೂ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆಯುತ್ತಾರೆ, ನೀವೂ ತೆರೆದಿರುತ್ತೀರಿ. ಸತ್ಯವೆಂಬ ನಡುಕಟ್ಟು, ನೀತಿಯೆಂಬ ವಜ್ರಕವಚ, ನಂಬಿಕೆಯೆಂಬ ಗುರಾಣಿ ಎಂದು ಎಣಿಸಿ ನಿಲ್ಲಿಸಿಬಿಡುವುದು ನಮ್ಮ ಪ್ರಸಂಗಗಳ ದೊಡ್ಡ ಕೊರತೆ. ಮುಂದಿನ ವಚನಗಳನ್ನು ಓದಿರಿ: ಇಷ್ಟು ಆಯುಧಗಳನ್ನು ವರ್ಣಿಸಿದ ಪೌಲನು, ಬೇಡಿಬಿದ್ದಿರುವ ತನಗೋಸ್ಕರವೂ ಪ್ರಾರ್ಥಿಸಿರಿ, ಧೈರ್ಯದಿಂದ ಮಾತಾಡುವಂತೆ ಬೇಡಿಕೊಳ್ಳಿರಿ ಎಂದು ಸಭೆಯವರನ್ನು ಕೇಳುತ್ತಾನೆ. ಅಪೊಸ್ತಲನಿಗೇ ಇತರರ ಪ್ರಾರ್ಥನೆ ಬೇಕಾಗಿದ್ದರೆ, ನಿಮಗೆ ದನಿ ಬಾರದ ವಚನವನ್ನು ನಿಮ್ಮ ತಾಯಿ ಓದಿ ಮುಗಿಸುವುದನ್ನು ನಂಬಿಕೆಯ ಸೋಲೆಂದು ಎಣಿಸಬೇಡಿರಿ; ಸಭೆಯು ಇರುವುದೇ ಅದಕ್ಕಾಗಿ.

ಉತ್ತರ: ಮಂಗಳೂರಿನ ಓದುಗರು

ನಾನು ಕಥೋಲಿಕ ಸಭೆಗೆ ಸೇರಿದವಳು, ಹಾಗಾಗಿ ನಮ್ಮಲ್ಲಿ ಹೇಳಿಕೊಡುವ ಒಂದು ವಿಷಯವನ್ನು ಸೇರಿಸುತ್ತೇನೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲಿಗೆ ಪೆಟ್ಟು ತಿಂದು, ಹಾಸಿಗೆಯಲ್ಲಿದ್ದಾಗಲೇ ದೇವರ ಕಡೆಗೆ ತಿರುಗಿದವರು. ಆದರೆ ಅವರ ಕಠಿಣ ಕಾಲ ಬಂದದ್ದು ಅದರ ನಂತರ, ಮನ್ರೇಸಾದಲ್ಲಿ: ಪಾಪನಿವೇದನೆ ಮಾಡಿದ ಮೇಲೂ ಏನೋ ಬಿಟ್ಟುಹೋಗಿದೆ, ಕ್ಷಮೆ ಸಿಕ್ಕಿಲ್ಲ ಎಂಬ ಸಂಶಯ ಅವರನ್ನು ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಒಯ್ದಿತ್ತು. ಆ ಅನುಭವದಿಂದ ಅವರು ಕೊಟ್ಟ ಸಲಹೆಗಳಲ್ಲಿ ಎರಡು ನಿಮಗೆ ಉಪಯೋಗವಾಗಬಹುದು. ಮನಸ್ಸು ಬಾಡಿರುವ ಕಾಲದಲ್ಲಿ, ಅದಕ್ಕಿಂತ ಮೊದಲು ಸಮಾಧಾನದಲ್ಲಿದ್ದಾಗ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು. ಮತ್ತು ಒಳಗಿನ ಶೋಧನೆಯನ್ನು ಗುಟ್ಟಾಗಿಡದೆ, ಆತ್ಮಿಕ ವಿಷಯಗಳನ್ನು ಬಲ್ಲ ಒಬ್ಬರ ಮುಂದೆ ಬಿಚ್ಚಿಡಬೇಕು, ಏಕೆಂದರೆ ಶತ್ರುವಿಗೆ ಗುಟ್ಟೇ ಅನುಕೂಲ. ಪ್ರಾರ್ಥನೆಯಲ್ಲಿ ರುಚಿಯಿಲ್ಲದಿದ್ದರೂ ಅದನ್ನು ಬಿಡಬೇಡಿ. ಸ್ವಲ್ಪ ಹೊತ್ತಾದರೂ ಸಾಕು.

ಉತ್ತರ: ಬೆಂಗಳೂರಿನ ದಾದಿ

ಸಹೋದರಿ, ಮೇಲಿನ ಇಬ್ಬರೂ ಹೇಳದೆ ಬಿಟ್ಟದ್ದು ನಿದ್ರೆಯ ವಿಷಯ. ಪ್ರವಾದಿಯಾದ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬಯಸಿದಾಗ ದೇವದೂತನು ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತೋರಿಸಿ, ಎದ್ದು ಊಟಮಾಡೆಂದು ಹೇಳಿದನು. ಅವನು ಉಂಡು ಮತ್ತೆ ಮಲಗಿದನು, ದೂತನು ಎರಡನೆಯ ಸಾರಿಯೂ ಉಣ್ಣಲು ಎಬ್ಬಿಸಿದನು. ದುಃಖದಿಂದ ತಿಂಗಳುಗಟ್ಟಲೆ ನಿದ್ರೆ ಕೆಟ್ಟಿದ್ದರೆ ವೈದ್ಯರನ್ನು ಕಾಣುವುದು ಅವಿಶ್ವಾಸವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ. ತಾಯಿಯವರ ಊಟ ಮತ್ತು ನಿದ್ರೆಯನ್ನೂ ದಯವಿಟ್ಟು ಗಮನಿಸಿ.

ಬೆಟಗೇರಿಯ ಸಹೋದರಿ

ಎಲ್ಲರಿಗೂ ಕೃತಜ್ಞತೆಗಳು. ಅಯ್ಯನವರೇ, ಇನ್ನೊಂದು ಮಾತು ಕೇಳಬೇಕಾಗಿದೆ. ನನಗೆ ದೇವರ ಮೇಲೆ ಕೋಪವಿದೆ. ಅದನ್ನು ಪ್ರಾರ್ಥನೆಯಲ್ಲಿ ಹೇಳುವುದು ಪಾಪವಾಗುತ್ತದೆಯೇ?

ನಿವೃತ್ತ ಸಭಾಪಾಲಕ, ಧಾರವಾಡ

ಇಲ್ಲ, ತಂಗಿ. 88ನೆಯ ಕೀರ್ತನೆಯನ್ನು ಓದಿರಿ. ನನ್ನನ್ನೇಕೆ ತಳ್ಳಿಬಿಟ್ಟೆ, ಮುಖವನ್ನೇಕೆ ಮರೆಮಾಡಿದೆ ಎಂದು ಅದನ್ನು ಬರೆದವನು ನೇರವಾಗಿ ಕೇಳುತ್ತಾನೆ. ಬೇರೆ ದುಃಖದ ಕೀರ್ತನೆಗಳಂತೆ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗದೆ ಕತ್ತಲೆಯಲ್ಲಿಯೇ ಮುಗಿಸುತ್ತಾನೆ. ಆದರೂ ಆರಂಭದಲ್ಲಿ ಅವನು ಕರೆಯುವುದು ತನ್ನನ್ನು ರಕ್ಷಿಸುವ ದೇವರನ್ನೇ. ನಿಮ್ಮ ಕೋಪವನ್ನೂ ಆತನ ಮುಂದೆಯೇ ಹೇಳಿರಿ. ಈ ಭಾನುವಾರ ಆರಾಧನೆಯಾದ ಮೇಲೆ ನಿಮ್ಮ ಸಭಾಪಾಲಕರನ್ನು ತಾಯಿಯೊಂದಿಗೆ ಭೇಟಿಯಾಗಿ, ಕೂಟದಲ್ಲಿ ನಿಮಗೆ ಹೇಳಿದ ಮಾತನ್ನು ತಿಳಿಸಿರಿ. ಅದನ್ನು ಸರಿಪಡಿಸುವ ಹೊಣೆ ಅವರದು, ನಿಮ್ಮದಲ್ಲ.