ಪಾಂಟೂನ್ ಬೋಟಿನ ಟ್ಯೂಬಿಗೆ ಬಣ್ಣ ಹೊಡೆಯಬೇಕಾ? ಪಕ್ಕದ ಮನೆಯವರು ಅರ್ಧ ಡಬ್ಬಿ ಬಿಟ್ಟಿ ಕೊಡ್ತೀನಿ ಅಂದಿದ್ದಾರೆ

ಸಾಗರದ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಲೇಕ್ ಮಿನ್ನೆಟೋಂಕ ಅನ್ನುವ ಕೆರೆಯ ಹತ್ತಿರ. ಹೋದ ಚಳಿಗಾಲದಲ್ಲಿ ಒಂದು ಹಳೇ ಪಾಂಟೂನ್ ಬೋಟ್ ತಗೊಂಡೆವು. 1999ರ ಮಾಡೆಲ್, 22 ಅಡಿ, ಕೆಳಗೆ ತೇಲಲು ಗಾಳಿ ತುಂಬಿದ ಎರಡು ಅಲ್ಯೂಮಿನಿಯಂ ಟ್ಯೂಬ್, ಮೇಲೆ ಚಪ್ಪಟೆ ಹಲಗೆ. ಸೀಟು, ಇಂಜಿನ್ ಎಲ್ಲಾ ಪರವಾಗಿಲ್ಲ. ಟ್ಯೂಬ್ ನೋಡಿದರೆ ಮಾತ್ರ ಬೇಜಾರಾಗುತ್ತದೆ. ನೀರಿನ ಗೆರೆಯ ಕೆಳಗೆಲ್ಲ ಬಿಳೀ ಪುಡಿ, ಅದರ ಮೇಲೆ ಕಂದು-ಹಸಿರು ಪಾಚಿ ಕಲೆ. ಹಿಂಭಾಗದಲ್ಲಿ ಬೆಸುಗೆಯ ಹತ್ತಿರ ಸಣ್ಣ ಸಣ್ಣ ಗುಳಿಗಳಿವೆ. ಉಗುರು ಆಡಿಸಿದರೆ ಗೊತ್ತಾಗುತ್ತದೆ.

ಇದಕ್ಕೆ ನೇವಿ ಬ್ಲೂ ಹೊಡೆಯಬೇಕು ಅಂತ ನಮ್ಮ ಯಜಮಾನರ ಆಸೆ. ಆಸೆ ಅವರದು, ಬ್ರಷ್ ಹಿಡಿಯುವುದು ನಾನು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬಂದು, ತಮ್ಮ ಫೈಬರ್ ಬೋಟಿನ ತಳಕ್ಕೆ ಹೊಡೆದು ಉಳಿದ ಪೇಂಟ್ ಅರ್ಧ ಡಬ್ಬಿ ಇದೆ, ತಗೊಂಡು ಹೋಗು ಅಂದರು. ಡಬ್ಬಿ ಮೇಲೆ ಕಾಪರ್ ಅಂತ ದೊಡ್ಡದಾಗಿ ಇದೆ. ಮಿನ್ನೆಟೋಂಕದಲ್ಲಿ 2010ರಿಂದ ಜೀಬ್ರಾ ಮಸಲ್ ಅನ್ನುವ ಚಿಪ್ಪುಹುಳದ ಕಾಟ. ಈ ಪೇಂಟ್ ಹೊಡೆದರೆ ಒಂದೂ ಅಂಟುವುದಿಲ್ಲ ಅಂತ ಅವರ ವಾದ.

ಬೋಟನ್ನು ಬೇಸಿಗೆ ಪೂರ್ತಿ ಡಾಕಿನಲ್ಲಿ ನೀರಲ್ಲೇ ಬಿಡುವುದಾ, ನೀರಿಂದ ಮೇಲೆತ್ತಿ ಇಡುವ ಲಿಫ್ಟ್ ಹಾಕಿಸುವುದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಲಿಫ್ಟಿನ ರೇಟು ಕೇಳಿ ಇಬ್ಬರೂ ಸುಮ್ಮನಾಗಿದ್ದೇವೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಹೊಡೆಯಲಾ, ಬೇಡವಾ?

ಭದ್ರಾವತಿ_ಫಿಟ್ಟರ್

ಅಕ್ಕ, ಮೊದಲು ಆ ಡಬ್ಬಿ ಅಜ್ಜನಿಗೆ ವಾಪಸ್ ಕೊಡಿ. ಅವರ ಫೈಬರ್ ಬೋಟಿಗೆ ಅದು ಸರಿಯೇ. ನಿಮ್ಮದಕ್ಕೆ ವಿಷ. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡು ಇದ್ದರೆ ಅದು ಬ್ಯಾಟರಿ ಆಗುತ್ತದೆ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಟ್ಯೂಬಿನ ತಗಡು ಸಾಮಾನ್ಯವಾಗಿ 2ರಿಂದ 2.5 ಮಿಲಿಮೀಟರ್ ದಪ್ಪ, ಅಷ್ಟೇ. ಕೆಳಗೆ ಪ್ರೈಮರ್ ಇದ್ದರೆ ತೊಂದರೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಒಂದು ಕಲ್ಲು ಗೀರಿದರೆ ಆ ಪ್ರೈಮರ್ ಕಥೆ ಮುಗೀತು.

ನಾನು ವಿಸ್ಕಾನ್ಸಿನ್‌ನಲ್ಲಿದ್ದೇನೆ, ನನ್ನದೂ ಪಾಂಟೂನೇ. ನನ್ನನ್ನು ಕೇಳಿದರೆ, ಲಿಫ್ಟಿನಲ್ಲೋ ಟ್ರೇಲರ್ ಮೇಲೋ ಇಡುವ ಬೋಟಿಗೆ ಬಣ್ಣ ಬೇಡವೇ ಬೇಡ. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಸಿಹಿನೀರಿನಲ್ಲಿ ಆ ಪದರವೇ ಸಾಕು. ನೀವು ನೋಡಿ ಬೇಜಾರು ಮಾಡಿಕೊಂಡ ಬಿಳೀ ಪುಡಿಯಲ್ಲಿ ಜಾಸ್ತಿ ಪಾಲು ಅದೇ ಆಕ್ಸೈಡ್ ಮತ್ತು ನೀರಿನ ಸುಣ್ಣ.

ಅಂದಹಾಗೆ ಈ ಬೋಟು ಹುಟ್ಟಿದ್ದೇ ನಿಮ್ಮ ರಾಜ್ಯದಲ್ಲಿ. ರಿಚ್ಮಂಡ್ ಅನ್ನುವ ಊರಿನ ರೈತ ಆಂಬ್ರೋಸ್ ವೀರೆಸ್ 1950ರ ದಶಕದ ಶುರುವಿನಲ್ಲಿ ಉಕ್ಕಿನ ಡ್ರಮ್ಮುಗಳನ್ನು ಸಾಲಾಗಿ ಬೆಸೆದು, ಮೇಲೆ ಮರದ ಹಲಗೆ ಹಾಕಿ ತೇಲಿಸಿದ. ಉಕ್ಕಿಗೆ ಬಣ್ಣ ಬೇಕು, ಇಲ್ಲದಿದ್ದರೆ ತುಕ್ಕು. ಅಲ್ಯೂಮಿನಿಯಂ ಬಂದ ಮೇಲೆ ಆ ತಲೆನೋವು ಹೋಯಿತು. ಈಗ ನಾವೇ ಬಣ್ಣ ಹೊಡೆದು ಅದನ್ನು ಮತ್ತೆ ಮನೆಗೆ ಕರೆಯುವುದು ಯಾಕೆ? ಹೊಡೆದ ಬಣ್ಣ ಟ್ರೇಲರಿನ ಹಲಗೆಗೆ ಉಜ್ಜಿ ಏಳುತ್ತದೆ. ಎದ್ದ ಅಂಚಿನೊಳಗೆ ನೀರು ಕೂರುತ್ತದೆ. ಗುಳಿ ಬೀಳುವುದು ಅಲ್ಲೇ. ಲಾರಿಯ ಹಿಂದೆ ಬಳಿಯುವ ದಪ್ಪ ಬೆಡ್‌ಲೈನರ್ ಹೊಡೆಸಿದವರನ್ನೂ ನೋಡಿದ್ದೇನೆ. ಅದು ಇನ್ನೂ ಕಷ್ಟ, ಒಳಗೆ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ.

ನೀರಲ್ಲೇ ಬಿಡುವುದಾದರೆ ಲೆಕ್ಕ ಬೇರೆ. ಆಗ ಪಾಚಿ, ಚಿಪ್ಪು ಅಂಟುವುದು ನಿಜ, ಬಣ್ಣಕ್ಕೆ ಅರ್ಥ ಇದೆ. ಆದರೆ ಬಣ್ಣಕ್ಕಿಂತ ಮೊದಲು ಸೋರಿಕೆ ನೋಡಿ. ಪ್ಲಗ್ ತೆಗೆದು ಟ್ಯೂಬಿನೊಳಗೆ 2 ಪಿ.ಎಸ್.ಐ. (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಲೆಕ್ಕ) ಗಾಳಿ ಕೊಟ್ಟು, ಬೆಸುಗೆಯ ಮೇಲೆಲ್ಲ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದರೆ ಅಲ್ಲಿ ತೂತು. ದಯವಿಟ್ಟು ಕಾರಿನ ಟೈರಿಗೆ ಹೊಡೆಯುವ ಹಾಗೆ ಗಾಳಿ ಹೊಡೆಯಬೇಡಿ. 24 ಇಂಚು ಅಗಲದ ಮುಚ್ಚಳಕ್ಕೆ 10 ಪಿ.ಎಸ್.ಐ. ಕೊಟ್ಟರೂ ಒಳಗಿಂದ ಹತ್ತಿರ ಹತ್ತಿರ 2,000 ಕಿಲೋ ಭಾರ ತಳ್ಳುತ್ತದೆ. ಮುಚ್ಚಳ ಕಿತ್ತು ಬರುತ್ತದೆ. ತೂತು ಸಿಕ್ಕರೆ ಟಿಗ್ ವೆಲ್ಡಿಂಗ್ (ತೆಳು ಅಲ್ಯೂಮಿನಿಯಂಗೆ ಆಗುವ ಬೆಸುಗೆ) ಮಾಡಿಸಿ, ಆಮೇಲೆ ಬಣ್ಣದ ಮಾತು.

ಬಣ್ಣ ನಿಲ್ಲುವುದು ಬಿಡುವುದು ತಯಾರಿಯ ಮೇಲೆ. ಪಾಚಿ, ಜಿಡ್ಡು ಎಲ್ಲಾ ಹೋಗುವ ಹಾಗೆ ತೊಳೆಯಿರಿ. ಆಮೇಲೆ 80 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ. ಸಾಮಾನ್ಯ ಕಬ್ಬಿಣದ ತಂತಿ ಬ್ರಷ್ ಮುಟ್ಟಬೇಡಿ, ಅದರ ಚೂರುಗಳು ಅಲ್ಯೂಮಿನಿಯಂ ಒಳಗೆ ಕೂತು ತುಕ್ಕು ಹಿಡಿಯುತ್ತವೆ. ಉಜ್ಜಿದ ಮೇಲೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆಕ್ಸೈಡ್ ಪದರ ಮತ್ತೆ ಬೆಳೆಯುತ್ತಾ ಇರುತ್ತದೆ, ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಎಷ್ಟು ಭಾಗಕ್ಕೆ ಅವತ್ತೇ ಪ್ರೈಮರ್ ಹೊಡೆಯಬಲ್ಲಿರೋ ಅಷ್ಟನ್ನೇ ಉಜ್ಜಿ. ಎಪಾಕ್ಸಿ ಪ್ರೈಮರ್ ತಗೊಳ್ಳಿ, ಎಷ್ಟು ಕೋಟ್ ಅಂತ ಡಬ್ಬಿಯ ಮೇಲಿದೆಯೋ ಅಷ್ಟೂ ಹೊಡೆಯಿರಿ. ಮೇಲಿನ ಪೇಂಟಿನ ಡಬ್ಬಿಯಲ್ಲಿ ಅಲ್ಯೂಮಿನಿಯಂಗೆ ಆಗುತ್ತದೆ ಅಂತ ಬರೆದಿರಲೇಬೇಕು. ಇಂಟರ್‌ಲಕ್ಸ್ ಟ್ರೈಲಕ್ಸ್ 33 ಆ ಥರದ್ದು. ಅದರಲ್ಲೂ ತಾಮ್ರದ ಅಂಶ ಇದೆ ಅಂತ ಗಾಬರಿ ಆಗಬೇಡಿ. ಅದು ಕ್ಯುಪ್ರಸ್ ಥಯೋಸಯನೇಟ್, ಅಜ್ಜನ ಡಬ್ಬಿಯಲ್ಲಿರುವ ಕ್ಯುಪ್ರಸ್ ಆಕ್ಸೈಡ್ ಥರದ್ದಲ್ಲ. ಆದರೂ ಕೆಳಗೆ ಪ್ರೈಮರ್ ಬೇಕೇ ಬೇಕು.

ಇನ್ನು ನಿಮ್ಮ ಕಡೆಯ ಏಪ್ರಿಲ್ ನಂಬಬೇಡಿ. ಎಪಾಕ್ಸಿ ಸರಿಯಾಗಿ ಗಟ್ಟಿಯಾಗಲು ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬೇಕು, ರಾತ್ರಿಯೂ ಸೇರಿಸಿ.

ಮಲ್ಪೆ_ಮಾರಾಯ

ಫಿಟ್ಟರ್ ಅಣ್ಣ ಹೇಳಿದ್ದು ಸರಿ ಮಾರಾಯ್ರೆ. ಸಮುದ್ರದಲ್ಲಿ ಮರದ ಬೋಟಿಗೂ ಫೈಬರ್ ಬೋಟಿಗೂ ತಾಮ್ರದ ಪೇಂಟ್ ಒಳ್ಳೆಯದೇ, ಇಲ್ಲದಿದ್ದರೆ ತಳಕ್ಕೆ ಚಿಪ್ಪು ಹಿಡಿದು ಡೀಸೆಲ್ ಸುಮ್ನೆ ಉರಿಯುತ್ತದೆ. ಅಜ್ಜ ಆ ಲೆಕ್ಕದಲ್ಲಿ ಹೇಳಿದ್ದು. ಅಲ್ಯೂಮಿನಿಯಂಗೆ ಮಾತ್ರ ಅದು ಬೇಡವೇ ಬೇಡ. ನೇವಿ ಬ್ಲೂ ಬೇಕಿದ್ದರೆ ಮೇಲಿನ ಕಟಕಟೆಗೆ ಹೊಡೆಯಲಿ ನಿಮ್ಮ ಯಜಮಾನರು, ಅವರೇ.

ನಿವೃತ್ತ_ಮೇಷ್ಟ್ರು

ತಾಯಿ, ತೊಳೆಯುವ ವಿಷಯದಲ್ಲಿ ಒಂದು ಮಾತು. ಕೆಮಿಸ್ಟ್ರಿ ಪಾಠ ಮಾಡಿದವನು, ಹೇಳದೆ ಇರಲು ಆಗುತ್ತಿಲ್ಲ. ಹೊಳಪು ತರಲು ಅಲ್ಯೂಮಿನಿಯಂ ಬ್ರೈಟ್ನರ್ ಅಂತ ಮಾರುವ ದ್ರವಗಳು ಹೆಚ್ಚಾಗಿ ಆಸಿಡ್. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದಾಗ ಒಳಗೆ ಪಳಪಳ ಅನ್ನುತ್ತದಲ್ಲ, ಅದೇ ಕೆಲಸ, ಆದರೆ ನೂರು ಪಟ್ಟು ಜೋರು. ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಓದಿ, ಅದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಚರ್ಮಕ್ಕೆ ತಾಗಿದರೆ ಕೂಡಲೇ ಉರಿಯದೇ ಇರಬಹುದು. ಒಳಗೆ ಇಳಿದು ಮೈಯಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ, ನೋವು ಗಂಟೆಗಟ್ಟಲೆ ಆದ ಮೇಲೆ ಬರಬಹುದು. ಅದಕ್ಕೆ ಹಚ್ಚುವುದು ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್, ಹಚ್ಚಿಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಫಾಸ್ಫಾರಿಕ್ ಆಸಿಡ್ ಇರುವುದು ಅಷ್ಟು ಅಪಾಯದ್ದಲ್ಲ. ಆದರೂ ಗ್ಲೌಸು, ಕನ್ನಡಕ ಬಿಡಬೇಡಿ. ಯಾವ ಆಸಿಡ್ ಜೊತೆಗೂ ಬ್ಲೀಚ್ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಕೆರೆ ದಡದಲ್ಲಿ ತೊಳೆಯುವುದೂ ಬೇಡ, ಆ ನೀರು ಇಳಿದು ಕೆರೆಗೇ ಹೋಗುತ್ತದೆ.

ಸಾಗರದ_ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮಾತು ಓದಿ ಯಜಮಾನರು ತಂದಿಟ್ಟಿದ್ದ ಬಾಟಲಿಯ ಹಿಂದೆ ನೋಡಿದೆ. ಪುಣ್ಯಕ್ಕೆ ಫಾಸ್ಫಾರಿಕ್. ಅಜ್ಜನಿಗೆ ಡಬ್ಬಿ ಬೇಡ ಅಂದೆ, ಸ್ವಲ್ಪ ಮುನಿಸಿಕೊಂಡರು, ಒಂದು ಡಬ್ಬಿ ಚಕ್ಕುಲಿ ಕೊಟ್ಟ ಮೇಲೆ ಸರಿಹೋದರು.

ಸೆಕೆಂಡ್ ಹ್ಯಾಂಡ್ ಲಿಫ್ಟ್ ಒಂದು ಬೇರೆ ಕೆರೆಯ ಹತ್ತಿರ ಸಿಗುವ ಹಾಗಿದೆ. ಚಿಪ್ಪುಹುಳದಂಥವು ಹರಡದಿರಲಿ ಅಂತ ಮಿನ್ನೆಸೋಟದ ಕಾನೂನಿನಂತೆ ಲಿಫ್ಟನ್ನು ಇನ್ನೊಂದು ಕೆರೆಗೆ ಇಳಿಸುವ ಮೊದಲು 21 ದಿನ ಒಣಗಿಸಬೇಕು, ಅಷ್ಟು ದಿನ ಕಾಯುತ್ತೇವೆ. ಹಾಗಾಗಿ ಬಣ್ಣ ಇಲ್ಲ, ತೊಳೆಯುವುದು ಮಾತ್ರ. ಒಂದೇ ಪ್ರಶ್ನೆ ಉಳಿದಿದೆ. ಬಣ್ಣ ಇಲ್ಲದಿದ್ದರೆ ಆ ಗುಳಿಗಳು ದೊಡ್ಡದಾಗುವುದಿಲ್ಲವೇ?

ಭದ್ರಾವತಿ_ಫಿಟ್ಟರ್

ಕಾರಣ ಹುಡುಕಿ ಸರಿಮಾಡಿದರೆ ದೊಡ್ಡದಾಗುವುದಿಲ್ಲ ಅಕ್ಕ. ಗುಳಿ ಹಿಂಭಾಗದಲ್ಲೇ ಇದೆ ಅಂದಿರಿ. ಎರಡು ಕಡೆ ನೋಡಿ. ಮೊದಲನೆಯದು, ಹಿಂದಿನವರು ಡಾಕಿನ ಕರೆಂಟಿಗೆ ಬ್ಯಾಟರಿ ಚಾರ್ಜರ್ ಸಿಕ್ಕಿಸಿಯೇ ಬಿಡುತ್ತಿದ್ದರಾ ಅಂತ ಕೇಳಿ. ಆ ಅರ್ಥ್ ವೈರಿನ ದಾರಿಯಲ್ಲಿ ಅಕ್ಕಪಕ್ಕದ ಬೋಟಿನ ಜೊತೆ ನಿಮ್ಮ ಟ್ಯೂಬೂ ಸೇರಿಕೊಳ್ಳುತ್ತದೆ, ಮತ್ತೆ ಅದೇ ಬ್ಯಾಟರಿ ಕಥೆ. ನೀವು ಹಾಗೆ ಬಿಡುವುದಾದರೆ ಆ ದಾರಿಯ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ. ಎರಡನೆಯದು, ಟ್ರೇಲರಿನಲ್ಲಿ ಟ್ಯೂಬ್ ಕೂರುವ ಹಲಗೆ. ಹುಳ ಹಿಡಿಯದಂತೆ ಔಷಧಿ ಹಾಕಿದ ಮರವಾದರೆ ಅದರಲ್ಲೂ ತಾಮ್ರ ಇರುತ್ತದೆ. ಮೇಲೆ ಹೊದಿಸಿದ ಕಾರ್ಪೆಟ್ ಒದ್ದೆಯಾಗಿದ್ದು ಚಳಿಗಾಲ ಪೂರ್ತಿ ಟ್ಯೂಬಿಗೆ ಅಂಟಿಕೊಂಡಿರುತ್ತದೆ. ಲಿಫ್ಟಿನ ಹಲಗೆಯನ್ನೂ ತಗೊಳ್ಳುವ ಮೊದಲೇ ನೋಡಿಬಿಡಿ, ಅದೇ ಮರ ಆಗಿದ್ದರೆ ರೇಟು ಇಳಿಸಲು ಒಂದು ನೆಪ ಸಿಕ್ಕ ಹಾಗಾಯಿತು.