ಫೀಡ್‌ಬ್ಯಾಕ್, ಗೇನ್, ಕಂಡೆನ್ಸರ್: ಮೇಳದವರಿಗೆ ಯಾವ ಮಾತು?

ಕಲಬುರಗಿ ಸುತ್ತಿನ ತತ್ವಪದ ಮೇಳದವರು ಸ್ವಂತ ಮೈಕ್ ಸೆಟ್ ಕೊಳ್ಳುವಾಗ ಏನೇನು ನೋಡಬೇಕೆಂದು ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ, ಪೇಟಿಯೊಂದಿಗೆ ಹಾಡುವವರೇ ಇದರ ಓದುಗರು. ಮೈಕಿಗೆ ಸಂಬಂಧಿಸಿದ ಕೆಲವು ಇಂಗ್ಲಿಷ್ ಮಾತುಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದು ಕಾಡುತ್ತಿದೆ.

ಮೊದಲನೆಯದು ಫೀಡ್‌ಬ್ಯಾಕ್. ‘ಪ್ರತಿಕ್ರಿಯೆ’, ‘ಹಿಮ್ಮಾಹಿತಿ’ ಎಂದರೆ ಕಚೇರಿಯ ಅಭಿಪ್ರಾಯ ಪತ್ರ ನೆನಪಾಗುತ್ತದೆ. ವೇದಿಕೆಯಲ್ಲಾದರೋ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು, ಹಿಗ್ಗಿ, ಪುನಃ ಸ್ಪೀಕರಿಗೆ ಬಂದು ಕೊನೆಗೆ ಕಿವಿ ಸೀಳುವಂತೆ ಕೂಗುತ್ತದೆ. ‘ಮೈಕ್ ಸೀಟಿ ಹೊಡೆಯುತ್ತಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ನನಗೂ ಅದೇ ಇಷ್ಟ. ಆದರೆ ಸೀಟಿ ಎನ್ನುವುದು ಫಲದ ಹೆಸರು. ಪರಿಹಾರ ಹೇಳಲು ಕಾರಣಕ್ಕೂ ಹೆಸರು ಬೇಕು. ಹಾಡುಗಾರರ ಕಡೆ ಮುಖ ಮಾಡಿದ ಸ್ಪೀಕರನ್ನು ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ) ಮೈಕಿನ ಬೆನ್ನಿಗೆ ಇಡಿ, ಏಕೆಂದರೆ ಆ ಮೈಕ್ ಹಿಂದಿನ ದನಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಬೇಡಿ, ಮುಚ್ಚಿದರೆ ಆ ಗುಣವೇ ಕೆಡುತ್ತದೆ. ದನಿ ಹೀಗೆ ಮತ್ತೆ ಮೈಕಿಗೆ ಹೊಗುವುದಕ್ಕೆ ‘ಮರುಹೊಗುವಿಕೆ’ ಎಂದು ಬರೆದು ನೋಡಿದೆ. ವ್ಯಾಕರಣಕ್ಕೆ ಸರಿ, ನಾಲಿಗೆಗೆ ಕಷ್ಟ. ಇದಕ್ಕಿಂತ ಹಗುರವಾದುದು ಯಾರಿಗಾದರೂ ಹೊಳೆಯುತ್ತದೆಯೇ?

ಗೇನ್, ವಾಲ್ಯೂಮ್ ಎರಡಕ್ಕೂ ಇಲ್ಲಿ ‘ಆವಾಜು ಹೆಚ್ಚು ಮಾಡು’ ಎಂಬ ಒಂದೇ ಮಾತು ನಡೆಯುತ್ತದೆ. ಮೈಕಿನಿಂದ ಬರುವ ಕ್ಷೀಣ ಸಂಕೇತವನ್ನು ಮಿಕ್ಸರಿನ (ಮೈಕುಗಳ ದನಿಯನ್ನು ಬೆರೆಸುವ ಪೆಟ್ಟಿಗೆಯ) ಬಾಗಿಲಲ್ಲೇ ಎಷ್ಟು ಎತ್ತಬೇಕೆಂಬುದು ಗೇನ್. ಸ್ಪೀಕರಿಗೆ ಎಷ್ಟು ಕಳುಹಿಸಬೇಕೆಂಬುದು ವಾಲ್ಯೂಮ್. ‘ಒಳ ಆವಾಜು’, ‘ಹೊರ ಆವಾಜು’ ಎಂದು ಬೇರ್ಪಡಿಸಿದ್ದೇನೆ. ಒಳ ಆವಾಜು ಮಿತಿಮೀರಿದಾಗ ‘ದನಿ ಒಡೆಯುತ್ತದೆ’ ಎಂದು ಬರೆದಿದ್ದಕ್ಕೆ ಹಿರಿಯ ಹಾಡುಗಾರರೊಬ್ಬರು ತಮ್ಮ ಕಂಠದ ಮೇಲಿನ ಟೀಕೆಯೆಂದು ಬಗೆದರು! ‘ಕರಕರ ಎನ್ನುತ್ತದೆ’ ಎಂದರೆ ಸಾಕೇ?

ಕಂಡೆನ್ಸರ್ ಮೈಕಿನದು ಇನ್ನೊಂದು ತಕರಾರು. ನಮ್ಮಲ್ಲಿ ಕಂಡೆನ್ಸರ್ ಎಂದರೆ ಫ್ಯಾನಿನದು. ಸಂಬಂಧವೇನೋ ನಿಜವೇ, ಕೆಪಾಸಿಟರಿನ ಹಳೆಯ ಹೆಸರು ಕಂಡೆನ್ಸರ್, ಈ ಮೈಕಿನ ಒಡಲಲ್ಲಿರುವುದೂ ಅದೇ ತತ್ವ. ಮಿಕ್ಸರಿನಿಂದ ಸಾಮಾನ್ಯವಾಗಿ 48 ವೋಲ್ಟ್ ಕೊಡಬೇಕಾದ ಇದನ್ನು ‘ಕರೆಂಟ್ ಬೇಡುವ ಮೈಕ್’ ಎಂದೂ, ಆಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಾಡಿ ಕೆಲಸ ಮಾಡುವ ಡೈನಮಿಕ್ ಮೈಕನ್ನು ‘ಸುರುಳಿ ಮೈಕ್’ ಎಂದೂ ಕರೆಯಬಹುದೇ? ಬಯಲು ವೇದಿಕೆಯಲ್ಲಿ ಕೈಯಿಂದ ಕೈಗೆ ದಾಟುವ ಮೈಕಿಗೆ ಎರಡನೆಯದನ್ನೇ ಸೂಚಿಸುತ್ತಿದ್ದೇನೆ, ಪೆಟ್ಟು ತಾಳುತ್ತದೆ. ಆದರೆ ಅಂಗಡಿಯವನಿಗೆ ‘ಸುರುಳಿ’ ತಿಳಿಯದೆ ಹೋದರೆ ಕೈಪಿಡಿಯಿಂದ ಪ್ರಯೋಜನವಿಲ್ಲವಾದ್ದರಿಂದ ಡೈನಮಿಕ್ ಎಂಬುದನ್ನೂ ಪಕ್ಕದಲ್ಲೇ ಉಳಿಸಿದ್ದೇನೆ.

ಬೀದರ್, ಯಾದಗಿರಿ ಕಡೆಯ ಮೈಕ್ ಸೆಟ್ಟಿನವರು ಸೀಟಿಗೆ, ಒಳ ಆವಾಜಿಗೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಉರ್ದು ಮೂಲದ್ದಾದರೂ ಅಡ್ಡಿಯಿಲ್ಲ.